ಮೂರು ಕೋಳಿ ಓಣಿಯ ಮೂರನೆಯ ಕೋಳಿ

ನಮ್ಮ ಮಾರ್ಲ್‌ಸ್ಟೋ ಊರಿನಲ್ಲಿ ಬೀದಿಗೆ ಹೆಸರು ಬಂದರೆ ಸಾಲದು, ಅದನ್ನು ವರ್ಷವರ್ಷವೂ ಉಳಿಸಿಕೊಳ್ಳಬೇಕು. ಬಿಷಪ್ ಬಿದ್ದ ಬೀದಿಯಲ್ಲಿ ಮಾರ್ಚ್ ಇಪ್ಪತ್ತೈದರಂದು ಯಾರಾದರೊಬ್ಬ ಪಾದ್ರಿ ಜಾರಿ ಬಿದ್ದು ತೋರಿಸಬೇಕು. ಉಪ್ಪಿನ ಬೀದಿಯವರು ಒಂದು ಚೀಲ ಉಪ್ಪು ಚೆಲ್ಲಬೇಕು. ಪೀಪಾಯಿ ಬೀದಿಯಲ್ಲಿ ಪೀಪಾಯಿ ಮಾಡುವ ಕೊನೆಯ ಮುದುಕ ಸತ್ತ ವಾರದಲ್ಲೇ ಪುರಸಭೆಯವರು ಬಂದು ಫಲಕ ಕಿತ್ತುಕೊಂಡು ಹೋದರು. ಈಗ ಅದರ ಹೆಸರು ಸಂಪರ್ಕ ರಸ್ತೆ ಬಿ.

ನಮ್ಮದು ಮೂರು ಕೋಳಿ ಓಣಿ. ಪ್ಲೇಗಿನ ವರ್ಷ ಓಣಿಯ ಎರಡೂ ತುದಿಗೆ ಹಲಗೆ ಹೊಡೆದು ಊರಿನವರು ಮರೆತೇಬಿಟ್ಟರಂತೆ. ಒಳಗಿದ್ದವರನ್ನು ಮೂರು ಕೋಳಿಗಳು ಮೊಟ್ಟೆ ಇಟ್ಟು ಬದುಕಿಸಿದವಂತೆ. ಮೂವತ್ತೊಂದು ಮನೆಗೆ ಅಷ್ಟು ಮೊಟ್ಟೆ ಹೇಗೆ ಸಾಕಾಯಿತು ಎಂದು ಶಾಲೆಯಲ್ಲಿ ಕೇಳಬೇಕೆಂದುಕೊಂಡಿದ್ದೆ. ಎದ್ದು ನಿಲ್ಲುವುದಕ್ಕೆ ಧೈರ್ಯ ಸಾಲಲಿಲ್ಲ. ಹದಿನಾರು ತುಂಬಿದ ದಿನವೇ ಶಾಲೆ ಬಿಟ್ಟೆ. ಓಣಿಯಲ್ಲಿ ಮೂರು ಕೋಳಿ ಇರುವವರೆಗೆ ಆ ಹೆಸರು ಇರುತ್ತದೆ ಎಂದು ಪ್ಲೇಗಿನ ಕಾಲದಲ್ಲೇ ಬರೆದುಕೊಟ್ಟಿದ್ದಾರೆ. ವರ್ಷಕ್ಕೊಮ್ಮೆ ಮೇಯರ್ ಮತ್ತು ಪುರಸಭೆಯ ಗುಮಾಸ್ತ ಬಂದು ಕೋಳಿ ಎಣಿಸಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.

ಈಗ ಓಣಿಯಲ್ಲಿ ಕೋಳಿ ಸಾಕುವವಳು ನಮ್ಮಜ್ಜಿ ಡೋರೀನ್ ಸ್ಪ್ರಾಗ್ ಒಬ್ಬಳೇ. ಓಣಿಯ ಬಾಯಲ್ಲಿರುವ ಫಲಕ ಬರೆದವನು ನಮ್ಮ ತಾತ. ಅಕ್ಷರಗಳ ಕೆಳಗೆ ಮೂರು ಕೋಳಿ ಬಿಡಿಸಿದ್ದಾನೆ. ಎರಡು ಮುಂದೆ ನೋಡುತ್ತವೆ, ಮೂರನೆಯದು ಹಿಂದೆ ತಿರುಗಿದೆ. ಅದನ್ನು ಬಿಡಿಸುತ್ತಿದ್ದಾಗ ಅಜ್ಜಿ ಬಾಗಿಲಲ್ಲಿ ನಿಂತು ಊಟಕ್ಕೆ ಕರೆದಳಂತೆ. ತಾತ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅಜ್ಜಿ ದಿನಾ ಬೆಳಿಗ್ಗೆ ಹೋಗಿ ಆ ಫಲಕ ಒರೆಸುತ್ತಾಳೆ.

ಓಣಿಯ ಆ ತುದಿಯಲ್ಲಿ ಹೊಸದಾಗಿ ಒಂಬತ್ತು ಮನೆ ಎದ್ದಿವೆ. ಅವುಗಳನ್ನು ಮಾರಲು ಬಂದಿರುವ ಕ್ರೌಚ್ ಎಂಬವನಿಗೆ ಕೋಳಿ ಎಂಬ ಮಾತೇ ಆಗದು. ರಾಯಲ್ ವ್ಯೂ ಎಂಬ ಹೊಸ ಫಲಕ ಮಾಡಿಸಿ ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡೇ ತಿರುಗುತ್ತಾನೆ. ಅಲ್ಲಿಂದ ಕಾಣುವುದು ಬಸ್ ಡಿಪೋದ ಹಿಂಭಾಗ.

ಈ ಸಲ ಎಣಿಕೆಯ ಬೆಳಿಗ್ಗೆ ಮಾಡ್ ಎಂಬ ನಮ್ಮ ಮೂರನೆಯ ಕೋಳಿ ಸತ್ತುಬಿದ್ದಿತ್ತು. ಗೂಡಿನಲ್ಲಿ ಉಳಿದದ್ದು ಎರಡು. ಪಕ್ಕದ ಮನೆಯ ಲಗ್ ತಾತ ಬಂದು ನೋಡಿ, ಒಳಗೆ ಹೋಗಿ ಒಂದು ಉಣ್ಣೆಯ ಕೋಳಿ ತಂದ. ಟೀ ಆರದಂತೆ ಪಾತ್ರೆಯ ಮೇಲೆ ಕವುಚುವ ಟೋಪಿ ಅದು, ಅವನ ಹೆಂಡತಿ ಹೆಣೆದದ್ದು. ಗೂಡಿನೊಳಗೆ ಕತ್ತಲು, ಗುಮಾಸ್ತ ಬಾಗಿಲಿಂದಲೇ ಎಣಿಸುತ್ತಾನೆ, ಮುಟ್ಟುವ ಹಾಗಿಲ್ಲ ಎಂದು ಲಗ್ ತಾತನ ಲೆಕ್ಕ. ಅದನ್ನು ಹುಲ್ಲಿನ ಮೇಲೆ ಕೂರಿಸಲು ನಾನು ಗೂಡಿನೊಳಗೆ ನುಸುಳಿದೆ.

ಅಷ್ಟರಲ್ಲಿ ಹಿತ್ತಲ ಬಾಗಿಲು ಕಿರ್ರೆಂದಿತು. ಮೇಯರಮ್ಮ ಚಿನ್ನದ ಸರ ಹಾಕಿಕೊಂಡು ಬಂದಿದ್ದಳು. ಹಿಂದೆ ದಪ್ಪ ಪುಸ್ತಕ ಹಿಡಿದ ಗುಮಾಸ್ತ ಪಾಬ್‌ಜಾಯ್, ಅವನ ಹಿಂದೆ ಕ್ರೌಚ್, ಓಣಿಯ ಜನ. ಅಷ್ಟು ಜನರ ಮುಂದೆ ಗೂಡಿನಿಂದ ಹೊರಗೆ ಬರುವುದು ನನ್ನಿಂದ ಸಾಧ್ಯವಿರಲಿಲ್ಲ. ಕುಕ್ಕರುಗಾಲಲ್ಲಿ ಕೂತು ಕೈಯಲ್ಲಿದ್ದ ಉಣ್ಣೆ ಕೋಳಿಯನ್ನು ತಲೆಗೆ ಹಾಕಿಕೊಂಡೆ. ಯಾಕೆ ಎಂದು ಕೇಳಿದರೆ ಈಗಲೂ ಹೇಳಲಾರೆ.

ಪಾಬ್‌ಜಾಯ್ ಬಗ್ಗಿ ನೋಡಿದ. ಒಂದು, ಎರಡು ಎಂದ. ಆಮೇಲೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಭಾನುವಾರ ಭಾನುವಾರ ಚರ್ಚಿನಲ್ಲಿ ನನ್ನ ಹಿಂದಿನ ಬೆಂಚಿನಲ್ಲೇ ಕೂರುವ ಮನುಷ್ಯ. ಆದರೆ ಒಬ್ಬರ ಮನೆಯ ಕೋಳಿಗೂಡಿನಲ್ಲಿ ಏನಿದೆ ಎಂದು ಆಡಿ ತೋರಿಸುವುದು ನಮ್ಮ ಕಡೆ ಮರ್ಯಾದೆಯಲ್ಲ.

"ಮೂರು," ಎಂದ. ಪುಸ್ತಕ ತೆರೆದು ಅಜ್ಜಿಯತ್ತ ತಿರುಗಿದ. "ಮೂರನೇದು ಮೊಟ್ಟೆ ಇಡುತ್ತಾ, ಮಿಸೆಸ್ ಸ್ಪ್ರಾಗ್?"

"ಇನ್ನೂ ಇಲ್ಲ," ಎಂದಳು ಅಜ್ಜಿ. "ನಾಚ್ಕೆ ಜಾಸ್ತಿ ಅದಕ್ಕೆ."

ಕಂದು ಬಣ್ಣ, ದೊಡ್ಡ ಗಾತ್ರ, ನಾಚಿಕೆ ಸ್ವಭಾವ ಎಂದು ಅವನು ಬರೆದುಕೊಂಡ. ಮೇಯರಮ್ಮ ರುಜು ಹಾಕಿದಳು. ಎಲ್ಲರೂ ಟೀ ಕುಡಿದು ಹೋದ ಮೇಲೆ ನಾನು ಹೊರಗೆ ಬಂದೆ.

ಕ್ರೌಚ್ ಮಾತ್ರ ಸುಮ್ಮನಿರಲಿಲ್ಲ. ಮೂರನೆಯ ಕೋಳಿಗೆ ಬೂಟ್ಸ್ ಇತ್ತು ಎಂದು ತಕರಾರು ಬರೆದುಕೊಟ್ಟ. ಗುರುವಾರ ಪುರಭವನದಲ್ಲಿ ವಿಚಾರಣೆ ಎಂದು ನಮಗೆ ಕಾಗದ ಬಂತು. ನಡುವಿನ ಆ ಐದು ದಿನ ಓಣಿಯವರು ನನ್ನ ಜೊತೆ ಬಹಳ ಸೌಜನ್ಯದಿಂದ ನಡೆದುಕೊಂಡರು. ಲಗ್ ತಾತ ಬಾಗಿಲ ಬಳಿ ಒಂದು ಹಿಡಿ ಜೋಳ ಇಟ್ಟುಹೋದ. ನಾನು ಕೆಲಸ ಮಾಡುವ ಲಾಂಡ್ರಿಯ ಯಜಮಾನಿ, ಮೊಟ್ಟೆ ಇಡುವ ದಿನ ಮೊದಲೇ ಹೇಳಿದರೆ ರಜೆ ಕೊಡುತ್ತೇನೆ ಎಂದಳು. ನಗಲಿಲ್ಲ.

ಗುರುವಾರ ಪುರಭವನ ತುಂಬಿತ್ತು. ಗುರುತಿಗೆ ಬೇಕು ಎಂದು ಪಾಬ್‌ಜಾಯ್ ಹೇಳಿದ್ದರಿಂದ ನಾನು ಉಣ್ಣೆ ಕೋಳಿಯನ್ನು ತಲೆಗೆ ಹಾಕಿಕೊಂಡು ಬಂದಿದ್ದೆ. ಹಿಂದಿನ ಸಾಲಿನಲ್ಲಿ ಬಿಷಪ್ ಬಿದ್ದ ಬೀದಿಯ ಪಾದ್ರಿ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ. ಈ ವರ್ಷ ಸ್ವಲ್ಪ ಜೋರಾಗಿಯೇ ಬಿದ್ದಿದ್ದನಂತೆ.

ಕ್ರೌಚ್ ಎದ್ದು, ಇವಳು ಲಾಂಡ್ರಿಯಲ್ಲಿ ನನ್ನ ಅಂಗಿ ಒಗೆಯುತ್ತಾಳೆ, ರಸೀದಿ ಇದೆ ಎಂದ. ಕೋಳಿ ಅಂಗಿ ಒಗೆಯಬಾರದೆಂದು ಎಲ್ಲೂ ಬರೆದಿಲ್ಲ ಎಂದು ಪಾಬ್‌ಜಾಯ್ ಶಾಂತವಾಗಿ ಹೇಳಿದ. ಪುಸ್ತಕದಲ್ಲಿ ಕೋಳಿ ಎಂದಿದೆ, ಈ ಸಾಲು ಸುಳ್ಳಾದರೆ ನಾನೂರು ವರ್ಷದ ಪುಸ್ತಕವೇ ಸುಳ್ಳಾಗುತ್ತದೆ, ಆಗ ಮೇಯರಮ್ಮನ ಮನೆಯ ಬೀದಿಗೂ ಹೆಸರಿರುವುದಿಲ್ಲ ಎಂದ. ಮೇಯರಮ್ಮ ಕತ್ತಿನ ಸರ ಮುಟ್ಟಿ ನೋಡಿಕೊಂಡಳು. ಕೊನೆಗೆ, ಕೋಳಿಯನ್ನೇ ಕೇಳಿಬಿಡೋಣ ಎಂದು ತೀರ್ಮಾನವಾಯಿತು.

ನನ್ನನ್ನು ಎದ್ದು ನಿಲ್ಲಿಸಿದರು.

"ನೋಡಮ್ಮ ಹೆಟ್ಟಿ," ಎಂದಳು ಮೇಯರಮ್ಮ. "ಹೆದರ್ಕೋಬೇಡ. ನೀನು ಕೋಳಿ ಅಲ್ಲ ಅಂತಿದ್ರೆ, ಅಲ್ಲ ಅಂತ ಒಂದ್ ಮಾತು ಹೇಳ್ಬಿಡು. ಅಷ್ಟೇ ಸಾಕು."

ಕಿಟಕಿಯಾಚೆ ಕ್ರೌಚನ ಕಾರು ಕಾಣುತ್ತಿತ್ತು. ಡಿಕ್ಕಿ ತೆರೆದೇ ಇತ್ತು. ಅಜ್ಜಿ ಫಲಕ ಒರೆಸುವ ಬಟ್ಟೆಯನ್ನು ಮಡಿಲಲ್ಲಿ ಮಡಚುತ್ತಿದ್ದಳು, ಬಿಡಿಸುತ್ತಿದ್ದಳು. ಇಷ್ಟು ಜನರ ಮುಂದೆ ನನ್ನ ನಾಲಿಗೆ ಒಣಗುವುದು ವಾಡಿಕೆ. ಅವತ್ತು ಒಣಗಲಿಲ್ಲ. ಅಲ್ಲ ಎಂಬ ಮಾತು ಜೀವನದಲ್ಲಿ ಮೊದಲ ಸಲ ಸಲೀಸಾಗಿ ತುಟಿಯವರೆಗೆ ಬಂದು ನಿಂತಿತು. ಎಷ್ಟು ಜೋರಾಗಿ ಬೇಕಾದರೂ ಹೇಳಬಹುದಿತ್ತು.

ಗೋಡೆ ಗಡಿಯಾರ ನಾಲ್ಕು ನಿಮಿಷ ಓಡಿತು. ಯಾರೋ ಕೆಮ್ಮಿ ಕ್ಷಮೆ ಕೇಳಿದರು.

"ಮನುಷ್ಯಳಾಗಿದ್ರೆ ಇಷ್ಟೊತ್ತಿಗೆ ಅಲ್ಲ ಅಂದಿರೋಳು," ಎಂದ ಪಾಬ್‌ಜಾಯ್. ಕೋಳಿ ಅಲ್ಲಗಳೆಯಲಿಲ್ಲ ಎಂದು ಬರೆದುಕೊಂಡು ಪುಸ್ತಕ ಮುಚ್ಚಿದ. ಕ್ರೌಚ್ ಹೊರಗೆ ಹೋಗಿ ಡಿಕ್ಕಿಯ ಬಾಗಿಲು ಬಡಿದದ್ದು ಒಳಗೆಲ್ಲ ಕೇಳಿಸಿತು.

ಮನೆಗೆ ಬರುವಾಗ ಅಜ್ಜಿ ಓಣಿಯ ಬಾಯಲ್ಲಿ ನಿಂತಳು. ಹಿಂದೆ ತಿರುಗಿದ ಕೋಳಿಯ ಮೇಲೆ ಧೂಳೇನೂ ಇರಲಿಲ್ಲ. ಆದರೂ ಒರೆಸಿದಳು.

"ಶಾಲೇಲೂ ಹಿಂಗೇ ನಿಂತ್ಕೊತಿದ್ದೆ ನೀನು, ಬಾಯಿಗೆ ಬೀಗ ಹಾಕ್ಕೊಂಡು," ಎಂದಳು. "ಇವತ್ತೂ ಮಾತು ಬರ್ಲಿಲ್ಲ. ನಮ್ ಪುಣ್ಯ."

"ಬಂದಿತ್ತು ಅಜ್ಜಿ," ಎಂದೆ. "ನುಂಗ್ಕೊಂಡೆ."

ಅವಳು ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡಳು. ಸಂಜೆ ಟೀಗೆ ನನ್ನ ತಟ್ಟೆಯಲ್ಲಿ ಎರಡು ಬೇಯಿಸಿದ ಮೊಟ್ಟೆ ಇಟ್ಟಳು. ಅವಳ ತಟ್ಟೆಯಲ್ಲಿ ಒಂದೇ ಇತ್ತು. ನಾನು ಚಮಚ ಎತ್ತಿಕೊಳ್ಳುವಷ್ಟರಲ್ಲಿ ಅದೇನೋ ನೆನಪಾದವಳಂತೆ ಕಿಟಕಿಯತ್ತ ನೋಡಿ, ಎರಡನ್ನೂ ವಾಪಸು ತೆಗೆದುಕೊಂಡಳು.

"ಯಾರಾದ್ರೂ ನೋಡಿದ್ರೆ ಚೆನ್ನಾಗಿರಲ್ಲ," ಎಂದು ಹೇಳಿ ಬ್ರೆಡ್ಡಿನ ಮೇಲೆ ಡಬ್ಬಿಯ ಬೀನ್ಸ್ ಹಾಕಿ ಕೊಟ್ಟಳು.