ಮೂರನೇ ಭಾನುವಾರ ಓದದ ಹೆಸರು

ನಮ್ಮ ದ್ವೀಪದ ಲೆಯೊಗಾನ್ ಪಟ್ಟಣದಲ್ಲಿ ಕಬ್ಬಿನ ಗದ್ದೆಗಳ ಕಡೆ ಹೋಗುವ ದಾರಿಯಲ್ಲಿ, ಕಾಲುವೆಗೆ ಬೆನ್ನು ಹಾಕಿಕೊಂಡಿರುವುದು ನನ್ನ ದರ್ಜಿ ಅಂಗಡಿ. ಊರವರು ನನ್ನನ್ನು ಬಾಸ್ ಕ್ಲೆರ್ವಿಲ್ ಎನ್ನುತ್ತಾರೆ. ಕೈಕಸುಬಿನವರನ್ನೆಲ್ಲ ನಮ್ಮಲ್ಲಿ ಹಾಗೇ ಕರೆಯುವುದು. ಆ ಮರ್ಯಾದೆಗೆ ನಾನು ತಕ್ಕವನಲ್ಲ.

ಮೂವತ್ತೊಂದನೆಯ ವಯಸ್ಸಿನಲ್ಲಿ ನನಗೆ ರೋಜ್‌ಮೆನ್ ಜೊತೆ ಮದುವೆ ಗೊತ್ತಾಗಿತ್ತು. ಅವಳ ತಾಯಿ ಮಾನ್ ಸೆಫಿ ಚೌಕದಲ್ಲಿ ಬಾಳೆಕಾಯಿ, ಹಂದಿಮಾಂಸ ಕರಿದು ಮಾರುತ್ತಿದ್ದಳು. ರೋಜ್‌ಮೆನ್ ಪಕ್ಕದಲ್ಲಿ ಕೂತು ಕಾಯಿ ಹೆಚ್ಚುತ್ತಿದ್ದಳು. ನಕ್ಕರೆ ತಲೆ ಹಿಂದಕ್ಕೆ ಹಾಕಿ ಬಾಯ್ತುಂಬ ನಗುವವಳು. ಮೇಲಿನ ಸಾಲಿನಲ್ಲಿ ಒಂದು ಹಲ್ಲಿಲ್ಲದಿದ್ದುದು ಆಗ ಕಾಣುತ್ತಿತ್ತು. ನನಗೆ ಅದು ಇಷ್ಟವಾಗಿತ್ತು, ಆದರೆ ಯಾವತ್ತೂ ಹೇಳಿರಲಿಲ್ಲ. ಹೆಣ್ಣು ಕೇಳುವ ಪತ್ರ ಬರೆಸಿ, ರೇಷ್ಮೆ ಕರವಸ್ತ್ರದಲ್ಲಿ ಸುತ್ತಿ, ರಿಬ್ಬನ್ ಕಟ್ಟಿ ಚಿಕ್ಕಪ್ಪನ ಕೈಯಲ್ಲಿ ಕ್ರಮವಾಗಿ ಕಳಿಸಿದ್ದೆ. ಚರ್ಚಿನಲ್ಲಿ ಪಾದ್ರಿಗಳು, ತಕರಾರಿದ್ದವರು ಹೇಳಿ ಎಂದು ಎರಡು ಭಾನುವಾರ ನಮ್ಮಿಬ್ಬರ ಹೆಸರು ಓದಿದ್ದರು. ಮೂರನೆಯ ಸಲ ಓದಿಬಿಟ್ಟರೆ ಮದುವೆಗೆ ಅಡ್ಡಿಯಿಲ್ಲ.

ಅಡ್ಡಿ ನನ್ನಲ್ಲೇ ಇತ್ತು. ನಾಲ್ಕು ವರ್ಷದಿಂದ ಆಗಾಗ ಚಳಿಜ್ವರ ಬರುತ್ತಿತ್ತು, ತೊಡೆಯ ಸಂದಿನಲ್ಲಿ ಗಂಟು ಕಟ್ಟಿ ನೋಯುತ್ತಿತ್ತು. ಜ್ವರ ಬಿಟ್ಟ ಮೇಲೆ ನೋವು ಇಳಿಯುತ್ತಿತ್ತು, ಬೀಜದ ಚೀಲದ ಊತ ಮಾತ್ರ ಉಳಿಯುತ್ತಿತ್ತು. ಮೊದಲು ಕೋಳಿಮೊಟ್ಟೆಯಷ್ಟಿತ್ತು, ಆಮೇಲೆ ಮಾವಿನಕಾಯಿಯಷ್ಟಾಯಿತು. ದರ್ಜಿಯಾದ್ದರಿಂದ ನಾನು ನನ್ನ ಪ್ಯಾಂಟುಗಳಿಗೆ ಹೆಚ್ಚು ನೆರಿಗೆ ಕೊಟ್ಟು, ಅಂಗಿಯನ್ನು ಉದ್ದ ಬಿಟ್ಟು ಹೊಲಿದುಕೊಂಡೆ. ನಮ್ಮ ಕೇರಿಯಲ್ಲಿ ಓರಿಲಾಸ್ ಎಂಬ ಮುದುಕನಿಗೆ ಇದೇ ಕಾಯಿಲೆಯಿತ್ತು. ಅವನು ನಡೆದು ಬಂದರೆ ಗಂಡಸರು, "ದಾರಿ ಬಿಡ್ರೋ, ಕುಂಬಳಕಾಯಿ ಬಂತು, ಸಂತೆ ಯಾವ ಕಡೆ ತಾತಾ?" ಎಂದು ಕೂಗುತ್ತಿದ್ದರು. ನಾನೂ ನಕ್ಕಿದ್ದೆ. ಒಮ್ಮೆ ನಾನೇ ಕೂಗಿದ್ದೆ.

ಎರಡನೆಯ ಭಾನುವಾರವಾದ ಮೇಲೆ ಮತ್ತೆ ಜ್ವರ ಬಂತು. ಐದು ದಿನ ಮಲಗಿ ಎದ್ದಾಗ ಊತ ಎಳನೀರಿನ ಬುರುಡೆಯಷ್ಟಾಗಿತ್ತು. ಮದುವೆಯ ರಾತ್ರಿಯನ್ನು ನೆನೆಸಿಕೊಂಡೆ. ಶನಿವಾರ ಬೆಳಗ್ಗೆ ಪಾದ್ರಿಗಳ ಹತ್ತಿರ ಹೋಗಿ, "ನಾಳೆ ಹೆಸರು ಓದ್ಬೇಡಿ ಫಾದರ್," ಎಂದೆ.

"ಯಾಕಪ್ಪಾ? ಹುಡುಗಿ ಕಡೆಯಿಂದ ಏನಾದ್ರೂ?"

ನಾನು ನೆಲ ನೋಡಿದೆ. ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಅದೊಂದನ್ನು ಹೇಡಿತನವೆಂದು ಬಿಡಬಹುದಿತ್ತು. ಆದರೆ ಸೋಮವಾರ ಕ್ಷೌರದಂಗಡಿಯಲ್ಲಿ ಎಲ್ಲರೂ ನನ್ನನ್ನು ಮುತ್ತಿಕೊಂಡರು.

"ಏನ್ ಬಾಸ್, ಕೈ ಕೊಟ್ಟುಬಿಟ್ಟೆಯಂತೆ?" ಎಂದ ಕ್ಷೌರಿಕ ಎಲಿಫೆತ್. "ಸುಮ್‌ಸುಮ್ನೆ ಯಾರೂ ಬಿಡಲ್ಲ. ಏನೋ ಕಂಡಿರ್ಬೇಕು ಅವಳಲ್ಲಿ."

"ಬಿಡಿ," ಎಂದೆ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಎಲ್ಲರ ಕಣ್ಣು ನನ್ನ ಮೇಲಿತ್ತು, ಆ ಕಣ್ಣುಗಳು ಎಲ್ಲಿ ಕೆಳಗಿಳಿಯುತ್ತವೋ ಎಂದು ನನಗೆ ಭಯ. "ಬಾಯ್ಬಿಟ್ಟು ಹೇಳೋ ವಿಷಯ ಅಲ್ಲ. ಅವಳ ಮಾನ ನಾನ್ಯಾಕೆ ತೆಗೀಲಿ?" ಎಂದುಬಿಟ್ಟೆ.

ಒಂದೇ ಮಾತು. ವಾರ ಕಳೆಯುವುದರೊಳಗೆ ಅದಕ್ಕೆ ಕೈಕಾಲು ಬಂದವು. ರೋಜ್‌ಮೆನ್‌ಗೆ ರಾಜಧಾನಿಯಲ್ಲಿ ಒಂದು ಮಗುವಿದೆ ಎಂದರು. ಪೊಲೀಸಿನವನೊಬ್ಬ ಇಟ್ಟುಕೊಂಡಿದ್ದ ಎಂದರು. ಅವಳ ಚಿಕ್ಕಮ್ಮ ಬಂದು ಕರವಸ್ತ್ರವನ್ನೂ ಪತ್ರವನ್ನೂ ನನ್ನ ಹೊಲಿಗೆ ಯಂತ್ರದ ಮೇಲಿಟ್ಟು ಹೋದಳು. ತಿಂಗಳಿಗೆಲ್ಲ ರೋಜ್‌ಮೆನ್ ಜಾಕ್ಮೆಲ್‌ನಲ್ಲಿದ್ದ ನೆಂಟರ ಮನೆಗೆ ಹೊರಟುಹೋದಳು. ಅವಳು ಬಟ್ಟೆಗಂಟು ತೊಡೆಯ ಮೇಲಿಟ್ಟುಕೊಂಡು ಜನ ಸಾಗಿಸುವ ಟ್ಯಾಪ್‌ಟ್ಯಾಪ್ ಗಾಡಿಯಲ್ಲಿ ಕೂತದ್ದನ್ನು ನಾನು ಕಿಟಕಿಯ ಸಂದಿನಿಂದ ನೋಡಿದೆ. ಹೊರಗೆ ಬರಲಿಲ್ಲ.

ಒಂಬತ್ತು ವರ್ಷ ಹಾಗೇ ಕಳೆಯಿತು. ಒಂದು ದಿನ ಆಸ್ಪತ್ರೆಯ ನರ್ಸ್, ಮಿಸ್ ಕೆತ್ಲೆನ್, ವಾರ್ಡಿನ ಪರದೆಗಳನ್ನು ಹೊಲಿಸಲು ಬಂದಳು. ಅಳತೆಯ ಚೀಟಿ ಕೊಡುವುದಕ್ಕೆ ನಾನು ಎದ್ದು ನಾಲ್ಕು ಹೆಜ್ಜೆ ನಡೆದೆ. ಅವಳು ನನ್ನ ನಡಿಗೆಯನ್ನು ನೋಡಿ, "ಎಷ್ಟು ವರ್ಷ ಆಯ್ತು ಬಾಸ್?" ಎಂದಳು.

"ಯಾವುದು ಮಿಸ್?"

"ಕೆಳಗಿಂದು. ನನ್ ಮುಂದೆ ನಾಚ್ಕೋಬೇಡಿ, ದಿನಾ ನೋಡ್ತೀನಿ. ಸೊಳ್ಳೆ ಕಚ್ಚಿದಾಗ ಒಳಗೆ ಸೇರೋ ಹುಳ ಅದು. ಮೈನೀರು ಹರಿಯೋ ದುಗ್ಧರಸ ನಾಳದಲ್ಲಿ ಗೂಡು ಕಟ್ಟಿ ಹಾಳುಮಾಡತ್ತೆ, ನೀರು ಇಳಿಯಕ್ಕೆ ದಾರಿ ಇಲ್ದೆ ತುಂಬ್ಕೊಳತ್ತೆ. ಹೆಂಗಸರಿಗೆ ಹೆಚ್ಚಾಗಿ ಕಾಲು ಆನೆಕಾಲಾಗತ್ತೆ, ನಿಮ್ಗೆ ಇಲ್ಲಿ."

"ವರ್ಷಾ ವರ್ಷಾ ಕೊಡೋ ಮಾತ್ರೆ ನುಂಗಿದೀನಿ ಮಿಸ್."

"ಮಾತ್ರೆ ಹುಳಕ್ಕೆ. ತುಂಬಿರೋ ನೀರನ್ನ ಕೊಯ್ದೇ ತೆಗೀಬೇಕು. ಮುಂದಿನ ತಿಂಗಳು ಶಸ್ತ್ರಚಿಕಿತ್ಸೆ ಶಿಬಿರ ಇದೆ, ಹೆಸರು ಬರ್ಕೊಳ್ಲಾ?"

ಶಿಬಿರದ ದಿನ ನಾವು ಹದಿನಾಲ್ಕು ಗಂಡಸರು ಬೆಂಚಿನ ಮೇಲೆ ಸಾಲಾಗಿ ಕೂತಿದ್ದೆವು, ಎಲ್ಲರ ಟೊಪ್ಪಿಯೂ ತೊಡೆಯ ಮೇಲೆ. ಒಬ್ಬರು ಚರ್ಚಿನಲ್ಲಿ ನನ್ನ ಪಕ್ಕ ನಿಂತು ಹಾಡುತ್ತಿದ್ದವರು. ಇಪ್ಪತ್ತು ವರ್ಷದ ಪರಿಚಯ, ಆದರೆ ಆವತ್ತು ಗುರುತು ಸಿಗದವರಂತೆ ಇಬ್ಬರೂ ಗೋಡೆ ನೋಡಿದೆವು. ನನ್ನ ಸರದಿ ಒಂದು ಗಂಟೆಯಲ್ಲಿ ಮುಗಿಯಿತು. ಎರಡು ವಾರದಲ್ಲಿ ಗಾಯ ಒಣಗಿತು. ಕೊನೆಯ ಪಟ್ಟಿ ಬಿಚ್ಚಿದಾಗ, "ಇಷ್ಟೇನಾ ಮಿಸ್?" ಎಂದೆ.

"ಇಷ್ಟೇ. ಮತ್ತೇನು ಬೇಕಿತ್ತು?" ಎಂದು ಅವಳು ನಕ್ಕಳು.

ನನಗೆ ನಗು ಬರಲಿಲ್ಲ. ಒಂದು ಗಂಟೆಯಲ್ಲಿ ವಾಸಿಯಾಗುವುದನ್ನು ಮುಚ್ಚಿಡುವುದಕ್ಕೆ ಒಬ್ಬಳ ಬಾಳಿಗೆ ಮಸಿ ಬಳಿದಿದ್ದೆ. ಊತವಿರುವ ತನಕ ನನ್ನ ಬಗ್ಗೆ ನಾನೇ ಅಯ್ಯೋ ಪಾಪ ಎಂದುಕೊಳ್ಳಬಹುದಿತ್ತು. ಈಗ ಅದಕ್ಕೂ ದಾರಿಯಿರಲಿಲ್ಲ.

ತಾಯಿಯನ್ನು ನೋಡಿಕೊಳ್ಳಲು ರೋಜ್‌ಮೆನ್ ಆ ವರ್ಷ ಊರಿಗೆ ಮರಳಿದ್ದಳು. ಜಾಕ್ಮೆಲ್‌ನಲ್ಲಿ ಅವಳಿಗೆ ಮದುವೆಯಾಗಿತ್ತು, ಗಂಡ ಸತ್ತಿದ್ದ, ಆರು ವರ್ಷದ ಮಗಳಿದ್ದಳು. ನಾನು ಅವರ ಮನೆಗೆ ಹೋದಾಗ ರೋಜ್‌ಮೆನ್ ಅಂಗಳದಲ್ಲಿ ಮರಗೆಣಸು ತುರಿಯುತ್ತಿದ್ದಳು. ಕೂರು ಎನ್ನಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಜ್ವರ, ಊತ, ಪಾದ್ರಿಗಳು, ಕ್ಷೌರದಂಗಡಿ, ನಾನಾಡಿದ ಮಾತು, ಆಸ್ಪತ್ರೆ. ಅವಳು ಕೈ ನಿಲ್ಲಿಸಲಿಲ್ಲ. ನಾನು ಸುಮ್ಮನಾದ ಮೇಲೆ ನಿಲ್ಲಿಸಿದಳು.

"ನನ್ ಹಲ್ಲಿಗೆ ಅಂದ್ಕೊಂಡಿದ್ದೆ," ಎಂದಳು.

"ಏನು?"

"ಎರಡನೇ ಭಾನುವಾರ ಚರ್ಚ್ ಮೆಟ್ಟಿಲ ಮೇಲೆ ನೀನೇನೋ ಅಂದೆ, ನಾನು ಜೋರಾಗಿ ನಕ್ಕೆ. ಆಮೇಲೆ ನೀನು ಮುಖಾನೇ ತೋರಿಸ್ಲಿಲ್ಲ. ಹಲ್ಲಿಲ್ಲದ ಬಾಯಿ ನೋಡಿ ಅಸಹ್ಯಪಟ್ಟೆ ಅಂದ್ಕೊಂಡೆ. ಅವತ್ತಿಂದ ಕೈ ಅಡ್ಡ ಇಟ್ಕೊಂಡೇ ನಗೋದು. ನನ್ ಗಂಡ ಕೇಳ್ತಿದ್ದ, ಯಾಕೆ ಹಂಗೆ ಅಂತ."

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ತುರಿಯುವ ಮಣೆಯನ್ನು ಪಕ್ಕಕ್ಕಿಟ್ಟಳು.

"ನನ್ನ ಕೇಳ್ಬೇಡ. ನಾನು ಹೊರಟುಹೋದೆ. ಇಲ್ಲೇ ಕೂತು ಊರವರ ಮಾತು ಕೇಳಿಸ್ಕೊಂಡವಳು ಅಮ್ಮ. ಅವಳಿಗೆ ಹೇಳು."

ಮಾನ್ ಸೆಫಿ ಬೇವಿನ ಮರದಡಿ ಕುರ್ಚಿಯಲ್ಲಿದ್ದಳು. ಅವಳಿಗೆ ಕಿವಿ ಮಂದವಾಗಿತ್ತು. ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದೆ.

"ಏನು? ಬಾಯೊಳಗೆ ಗೊಣಗ್ಬೇಡ!"

ಸ್ವಲ್ಪ ಏರಿಸಿದೆ. ಬೇಲಿಯಾಚೆ ಪಂಪಿನ ಹತ್ತಿರ ಐದಾರು ಹೆಂಗಸರು ನೀರು ಹಿಡಿಯುತ್ತಿದ್ದರು.

"ಯಾರಿಗೆ ಊತ? ನನ್ ಮಗಳಿಗಾ?"

"ನನಗೆ!" ಎಂದು ಕೂಗಿದೆ. "ನನಗೆ, ಮಾನ್ ಸೆಫಿ! ನನ್ನ ಬೀಜಕ್ಕೆ ನೀರು ತುಂಬಿತ್ತು! ನಿಮ್ಮ ಮಗಳದ್ದು ಏನೂ ತಪ್ಪಿರಲಿಲ್ಲ! ನಾನು ಸುಳ್ಳು ಹೇಳಿದೆ!"

ಪಂಪಿನ ಸದ್ದು ನಿಂತಿತು. ಒಬ್ಬಳು ಕಿಸಕ್ಕೆಂದಳು. ಇಷ್ಟು ವರ್ಷ ಮುಚ್ಚಿದ್ದನ್ನು ಚೌಕದಲ್ಲಿ ಬಿಚ್ಚಿ ನಿಂತ ಹಾಗಾಯಿತು.

ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀರಾ? ಬರೀ ನೀರಾ?" ಎಂದಳು. "ಸರಿ. ಇದೇ ಗಂಟಲಲ್ಲಿ ಆ ಕ್ಷೌರದಂಗಡೀಲೂ ಕೂಗು ಹೋಗು. ಇಲ್ಲಿಗ್ಯಾಕೆ ಬಂದೆ? ಇಲ್ಲಿ ನಮಗೆ ಮೊದಲೇ ಗೊತ್ತಿತ್ತು ಅವಳದ್ದು ತಪ್ಪಿಲ್ಲ ಅಂತ."

ಹೋದೆ. ಸಂಜೆಯ ಗಿರಾಕಿಗಳು ತುಂಬಿದ್ದರು. ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಕುಂಬಳಕಾಯಿ ಎಂದು ಯಾರೋ ಶುರು ಮಾಡಿದರು, ನಗೆ ಎದ್ದಿತು. ಅದಕ್ಕೆ ನಾನು ಸಿದ್ಧನಾಗಿದ್ದೆ. ಎಲಿಫೆತ್ ಆಡಿದ ಮಾತಿಗೆ ಸಿದ್ಧನಾಗಿರಲಿಲ್ಲ. ಅವನು ಕತ್ತರಿ ಹಿಡಿದು ಹುಬ್ಬು ಗಂಟಿಕ್ಕಿ, "ಅಲ್ಲ ಬಾಸ್, ಯಾವ ಹುಡುಗಿ? ಯಾವ ಮಾತು?" ಎಂದ. ನಿಜವಾಗಿಯೂ ಅವನಿಗೆ ನೆನಪಿರಲಿಲ್ಲ. ಅಲ್ಲಿದ್ದ ಯಾರಿಗೂ ನೆನಪಿರಲಿಲ್ಲ.

ಆ ವಾರ ಇಬ್ಬರು ಒಬ್ಬೊಬ್ಬರಾಗಿ ನನ್ನ ಅಂಗಡಿಗೆ ಬಂದು, ಪ್ಯಾಂಟು ಹೊಲಿಸುವ ನೆಪ ಮಾಡಿ, ಆ ನರ್ಸ್ ಎಲ್ಲಿ ಸಿಗುತ್ತಾಳೆ ಎಂದು ಕೇಳಿದರು. ಇಬ್ಬರನ್ನೂ ನಾನೇ ಕರೆದುಕೊಂಡು ಹೋದೆ. ಅವರಲ್ಲೊಬ್ಬ ಕ್ಷೌರದಂಗಡಿಯಲ್ಲಿ ಮೊದಲು ಕುಂಬಳಕಾಯಿ ಎಂದವನು.

ರೋಜ್‌ಮೆನ್ ಈಗಲೂ ಇದೇ ದಾರಿಯಲ್ಲಿ ಓಡಾಡುತ್ತಾಳೆ. ದಿನದ ನಮಸ್ಕಾರಕ್ಕೆ ತಲೆಯಾಡಿಸುತ್ತಾಳೆ, ಅದಕ್ಕಿಂತ ಹೆಚ್ಚಿಲ್ಲ. ಕಳೆದ ಅಕ್ಟೋಬರ್‌ನಲ್ಲಿ ಶಾಲೆ ತೆರೆಯುವ ಮುನ್ನ ಮಗಳ ಕೈಹಿಡಿದು, ತೋಳಲ್ಲಿ ಸಮವಸ್ತ್ರದ ನೀಲಿ ಬಟ್ಟೆಯ ಸುರುಳಿ ಇಟ್ಟುಕೊಂಡು ಬಂದಳು. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಂತೆ. ಅವಳು ನನ್ನ ಅಂಗಡಿಯನ್ನು ದಾಟಿ, ಸೇತುವೆಯಾಚೆಯ ದರ್ಜಿಯ ಬಳಿ ಹೋದಳು. ಅವನ ಕೈಕೆಲಸ ಅಷ್ಟೇನೂ ಚೆನ್ನಾಗಿಲ್ಲ. ನಾನು ಮತ್ತೆ ಕೂತುಕೊಂಡೆ.