ಬೇರೆ ಜಾತಿಯ ಬಳ್ಳಿ

“ಇದಕ್ಕೂ ಅದಕ್ಕೂ ಗೆರಿ ಕೂಡವಲ್ವುರಿ ಅಕ್ಕೋರ,” ಎಂದು ನಿಶಾಂತ ಫೋಟೊವನ್ನು ಬೆಳಕಿಗೆ ಹಿಡಿದ. ಕಪ್ಪು ಹಾಳೆಯ ಮೇಲೆ ಬಿಳಿ ಗೀಟುಗಳು ಎರಡು ಸಾಲಾಗಿ ನಿಂತಿದ್ದವು. ನಳಿನಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು.

ಹೈದರಾಬಾದಿನ ಸುತ್ತಲಿನ ದ್ರಾಕ್ಷಿ ತೋಟಗಳು ಒಂದೊಂದಾಗಿ ಕಂಪ್ಯೂಟರ್ ಕಂಪನಿಗಳ ಪಾಲಾಗುತ್ತಿದ್ದವು. ಹಳೆಯ ನಾಡತಳಿ ಯಾರ ಹಿತ್ತಲಲ್ಲಾದರೂ ಉಳಿದಿದೆಯೇ ಎಂದು ಬೀದರ ಕಡೆಯ ಈ ಕೃಷಿವಿಜ್ಞಾನಿ ಹುಡುಕುತ್ತಿದ್ದ. ಕುಷಾಯಿಗೂಡದ ನಳಿನಿಯ ಚಪ್ಪರದಿಂದಲೂ, ಹಿಮಾಯತ್‌ನಗರದಲ್ಲಿದ್ದ ಅವಳ ವಾರಗಿತ್ತಿ ಪ್ರಿಯಂವದಾಳ ಈ ಹಿತ್ತಲಿನಿಂದಲೂ ಚಿಗುರೆಲೆ ಒಯ್ದು, ಎಲೆಯೊಳಗಿನ ವಂಶದ ಗುರುತುಗಳನ್ನು ತಾಳೆ ನೋಡಿದ್ದ. ಫೋಟೊದ ಗೀಟುಗಳು ಆ ಗುರುತುಗಳೇ. ಆಯ್ಕೆಯಾದ ಬಳ್ಳಿಗೆ ಮನೆಯೊಡತಿಯ ಹೆಸರನ್ನೇ ಇಡುತ್ತಾರಂತೆ. ಆ ಮಾತು ಕಿವಿಗೆ ಬಿದ್ದಂದಿನಿಂದ ನಳಿನಿಗೆ ಊಟ ರುಚಿಸಿರಲಿಲ್ಲ.

“ನಂದು ಬ್ಯಾರೆ ಜಾತಿ ಅಂದ್ರ?”

“ನಿಮ್ಮದು ಪ್ಯಾಟಿ ತಳಿರಿ. ಯಾವ ನರ್ಸರ್ಯಾಗ ಕೇಳಿದ್ರೂ ಸಿಗತೈತಿ. ಪ್ರಿಯಂವದಾ ಅಕ್ಕೋರದು ಖರೇ ಹಳೇದು. ಅದನ್ನ ಆರಿಸೀವಿ.”

“ನಿನ್ನ ಮಷಿನ್ನಿಗೆ ರುಚಿ ಏನ್ ತಿಳೀತೈತೋ ತಮ್ಮಾ? ನಮ್ಮ ಹಣ್ಣು ತಿಂದ್ ನೋಡು, ಬೆಲ್ಲ ಐತಿ, ಬೆಲ್ಲ!”

“ಬೆಲ್ಲ ಬೇಕಾದ್ರ ಕಿರಾಣಿ ಅಂಗಡಿಗೆ ಹೋಗ್ತಾನ ತಗೋ,” ಎಂದು ಪ್ರಿಯಂವದಾ ನಕ್ಕಳು.

ನಿಶಾಂತನೂ ನಕ್ಕ. ಪ್ರಿಯಂವದಾಳ ಬಳ್ಳಿಯಿಂದ ಕತ್ತರಿಸಿದ್ದ ಕಡ್ಡಿಗಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಹೊರಟುಹೋದ. ನಗೆ ಮಾತ್ರ ನಳಿನಿಯ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಅತ್ತೆಯ ಮೆಚ್ಚುಗೆ ಈ ಪ್ರಿಯಂವದಾಳಿಗೆ, ಊರ ನಡುವಿನ ಮನೆ ಇವಳಿಗೆ. ಈಗ ಬಳ್ಳಿಯ ಮೇಲೆ ಹೆಸರೂ ಇವಳದೇ.

“ನಾವು ಹೊಸಾ ಮನಿಗೆ ಹೋದಾಗ ಒಂದ್ ಕಡ್ಡಿ ಕೇಳಿದ್ದೆ,” ಎಂದಳು ನಳಿನಿ. “ಹೂಂ ಅನಲಿಲ್ಲ, ಉಹೂಂ ಅನಲಿಲ್ಲ, ಎದ್ದು ಒಳಗ ಹ್ವಾದಿ. ಅವತ್ತ ಕೊಟ್ಟಿದ್ರ ನಾ ಯಾಕ ನರ್ಸರಿಗೆ ಹೋಗ್ತಿದ್ದೆ ಅಕ್ಕಾ?”

ಪ್ರಿಯಂವದಾ ಬೆರಗಿನಿಂದ ಅವಳ ಮುಖವನ್ನೇ ನೋಡಿದಳು.

“ಹುಚ್ಚಿ! ನಮ್ಮ ರಾಯಚೂರ ತವರಮನ್ಯಾಗ ಬಳ್ಳಿ ಕೈಯಾಗ ಕೊಡಂಗಿಲ್ಲ. ಕೊಟ್ರ ಬೇರು ಬಿಡಂಗಿಲ್ಲ. ಕಳವು ಮಾಡ್ಕೊಂಡು ಹೋಗಬೇಕು. ಅದಕ್ಕ ಕತ್ತರಿ ಕಟ್ಟಿ ಮ್ಯಾಲ ಇಟ್ಟು ಒಳಗ ಹ್ವಾದೆ. ಬಂದು ನೋಡಿದ್ರ ಕತ್ತರಿ ಐತಿ, ನೀ ಇಲ್ಲ. ಭಾಳ ಸಿಟ್ಟು ಬಂದಿತ್ತು ನನಗೂ. ನಮ್ಮ ಬಳ್ಳಿ ಬ್ಯಾಡಾತೇನೋ ಇಕಿಗೆ, ಅಂತ.”

ಇಷ್ಟು ವರ್ಷ ನಳಿನಿ ಹೊತ್ತ ಭಾರ ಇಳಿಯಬೇಕಿತ್ತು, ಇಳಿಯಲಿಲ್ಲ. ಕೊಡುವ ಮನಸ್ಸೂ ಮೊದಲು ಅವಳಿಗೇ ಇತ್ತಲ್ಲ ಎಂದು ಹೊಟ್ಟೆ ಇನ್ನಷ್ಟು ಉರಿಯಿತು.

“ಹಾಲು ಉಕ್ಕತೈತಿ,” ಎಂದು ಪ್ರಿಯಂವದಾ ಎದ್ದಳು. ಒಲೆಯ ಮೇಲೆ ಹಾಲಿರಲಿಲ್ಲ. ಇದ್ದುದೆಲ್ಲ ಆಗಲೇ ಚಹಾಕ್ಕೆ ಮುಗಿದಿತ್ತು.

ಅಡುಗೆಮನೆಯಲ್ಲಿ ಪಾತ್ರೆಗಳು ಬೇಕೆಂದೇ ಸದ್ದು ಮಾಡತೊಡಗಿದವು. ನಳಿನಿ ಬಾಗಿಲ ಕಡೆಗೊಮ್ಮೆ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ತುದಿಗಾಲಲ್ಲಿ ನಿಂತು, ಎಲೆಗಳ ನಡುವೆ ಎಲ್ಲಕ್ಕಿಂತ ಬಲಿತ ಕಡ್ಡಿಯನ್ನು ಹುಡುಕತೊಡಗಿದಳು.