ಎರಡು ನೇರಳೆ ಗೆರೆ

ಪಿರೋಶ್ಕಾ ಬಿಲ್ಲನ್ನು ತೊಡೆಗೆ ಅಡ್ಡಕೊಟ್ಟು ಬಗ್ಗಿಸಿ ಹೆದೆಯ ಕುಣಿಕೆಯನ್ನು ಮೇಲಿನ ತುದಿಗೆ ಸಿಕ್ಕಿಸುತ್ತಿದ್ದಾಗ ಅವಳಪ್ಪನ ಗೆಳೆಯ ದೆಜೋ ಶೆಡ್ಡಿನ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಒಳಗೆ ಬಂದ. ಕರಿ ಕೋಟು ಹಾಕಿದ್ದ. ಗುಂಡಿಗಳೆಲ್ಲ ಒಂದೊಂದು ತೂತು ತಪ್ಪಿ ಕೂತಿದ್ದವು.

"ಅದನ್ನ ಕೆಳಗಿಡು ತಾಯಿ. ಗೋಡೆ ತುಂಬ ಬಿಲ್ಲಿವೆ, ಬೇರೆ ಯಾವ್ದಾದ್ರೂ ತಗೋ."

"ಅಪ್ಪ ಕೊನೇಗೆ ಮಾಡಿದ್ದು ಇದೇ ತಾನೆ, ದೆಜೋ ಮಾಮ?"

"ಅದು ನಂಗೊತ್ತಿಲ್ವಾ? ಅದರ ಕೆಳಗಿನ ತೋಳು ನೋಡಿದೀಯಾ?"

ನೋಡದೆ ಇರುತ್ತಾಳೆಯೇ? ಬೆಳಗಿನಿಂದ ಅವಳು ಬೇರೇನನ್ನೂ ನೋಡಿರಲಿಲ್ಲ. ಹಿಡಿಯ ಕೆಳಗೆ ಬಾಗುವ ಆ ತೋಳಿನಲ್ಲಿ, ಮರದ ತಿರುಳಿನ ಮೇಲೆ ಅಂಟಿಸಿದ್ದ ತಿಳಿ ಫೈಬರ್‌ಗ್ಲಾಸಿನ ಅಡಿಯಲ್ಲಿ ಕಿರುಬೆರಳುದ್ದದ ಒಂದು ಬಿಳಿ ಎಳೆ ಇತ್ತು. ಅಂಟು ಹಾಕುವಾಗ ಒಳಗೆ ಉಳಿದ ಗಾಳಿಯಾದರೆ ಅದು ಬರೀ ನೋಟದ ಕುಂದು, ಬಿಲ್ಲಿನ ಆಯುಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಗ್ಲಾಸು ಮರದಿಂದ ಏಳತೊಡಗಿದ್ದಾದರೆ ಮಾತ್ರ ಒಂದಲ್ಲ ಒಂದು ದಿನ ಪೂರ್ತಿ ಎಳೆದಾಗ ಬಿಲ್ಲು ಕೈಯಲ್ಲೇ ಸಿಡಿಯುತ್ತದೆ. ಮೊದಲ ದಿನ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಅವಳಪ್ಪ ವೆಂಡೆಲ್ ಇಂಥ ಎಳೆಯ ಎರಡೂ ತುದಿಗೆ ಒಂದೊಂದು ಗೆರೆ ಎಳೆದು, ಪಕ್ಕದಲ್ಲಿ ತಾರೀಕು ಬರೆಯುತ್ತಿದ್ದ. ನಾಲಗೆಗೆ ತಾಗಿಸಿದರೆ ನೇರಳೆ ಬಣ್ಣ ಬಿಡುವ ಹಳೆಯ ಕಾಲದ ಪೆನ್ಸಿಲ್ಲು ಅವನದು. ಎಳೆ ಗೆರೆ ದಾಟಿತೋ, ಬಿಲ್ಲು ಒಲೆಗೆ. ದಾಟಲಿಲ್ಲವೋ, ಮೊಮ್ಮಕ್ಕಳ ಕಾಲಕ್ಕೂ ಆಯಿತು. ನಲವತ್ತು ವರ್ಷ ಆ ಪೆನ್ಸಿಲ್ಲು ನೆಕ್ಕಿ ನೆಕ್ಕಿ ಅವನ ಕೆಳದುಟಿಯ ಮೇಲೆ ಹೋಗದ ಮಚ್ಚೆಯೇ ಬಿದ್ದಿತ್ತು. ನಿನ್ನೆ ಹೆಣ ತೊಳೆಯಲು ಬಂದ ಹೆಂಗಸು ಅದನ್ನು ಉಜ್ಜಲು ಹೋದಾಗ ಪಿರೋಶ್ಕಾ ಅವಳ ಕೈ ಹಿಡಿದುಕೊಂಡಿದ್ದಳು.

ಈ ಬಿಲ್ಲಿಗೆ ಗೆರೆ ಎಳೆದ ಮರುದಿನವೇ ವೆಂಡೆಲ್ ಹಾಸಿಗೆ ಹಿಡಿದಿದ್ದ. ಹೆದೆ ಎಳೆದು ನೋಡಲು ಅವನಿಗೆ ಪುರುಸೊತ್ತೇ ಸಿಗಲಿಲ್ಲ.

ಬಿಲ್ಲುಗಾರ ಸತ್ತರೆ ಅವನು ಕೊನೆಗೆ ಮಾಡಿದ ಬಿಲ್ಲಿನಿಂದ, ಅವನ ಮಕ್ಕಳ ಕೈಯಿಂದ, ಅವನನ್ನು ಹೂಳುವ ಗುಂಡಿಯ ಮೇಲೆ ಮೊದಲ ಬಾಣ ಹೋಗಬೇಕು. ತೀಸಾ ನದಿಯ ಈ ದಂಡೆಯ ಬಿಲ್ಲುಗಾರರಲ್ಲಿ ಅದು ನಡೆದುಬಂದ ರೂಢಿ.

"ಇಡೀ ಬಳಗ ಸೇರಿರುತ್ತೆ," ದೆಜೋ ದನಿ ತಗ್ಗಿಸಿದ. "ಗುಂಡಿ ಮುಂದೆ ಅದು ಮುರಿದ್ರೆ ಏನು ಗತಿ? ವೆಂಡೆಲ್ ಬಿಲ್ಲು ಮುರಿಯುತ್ತೆ ಅಂತ ಆಡ್ಕೊಂಡೋರ ಬಾಯಿಗೆ ಸಕ್ಕರೆ ಹಾಕಿದ ಹಾಗಾಗುತ್ತೆ. ಇದನ್ನೇ ಹಿಡೀಬೇಕು ಅಂತ ಹಟ ಇದ್ರೆ, ತಗೋ, ಇಷ್ಟನ್ನಾದ್ರೂ ಸುತ್ತು. ಯಾರ ಕಣ್ಣಿಗೂ ಬೀಳಲ್ಲ."

ಅವನು ಕೋಟಿನ ಜೇಬಿನಿಂದ ಕಪ್ಪು ಟೇಪಿನ ಸುರುಳಿ ತೆಗೆದು ಮೇಜಿನ ಮೇಲಿಟ್ಟ. ಒಳ್ಳೆಯ ಮನಸ್ಸಿನಿಂದಲೇ ಇಟ್ಟ. ಪಿರೋಶ್ಕಾ ಬಿಲ್ಲಿನ ತುದಿಯಿಂದ ಅದನ್ನು ಅವನತ್ತ ವಾಪಸು ಸರಿಸಿದಳು.

*

ಇಪ್ಪತ್ತಾರು ವರ್ಷದ ಹಿಂದೆ ಬುಡಾಪೆಸ್ಟಿನ ಒಂದು ಅಂಗಡಿಯವನು ಮೂವತ್ತು ಬಿಲ್ಲು ಬೇಕೆಂದು ಹೇಳಿ ತರಿಸಿಕೊಂಡು, ಒಂಬತ್ತನ್ನು ವಾಪಸು ಕಳಿಸಿದ್ದ. ಜೊತೆಗೊಂದು ಚೀಟಿ: ಬಿಳಿ ಚುಕ್ಕೆ, ಬಿಳಿ ಗೀರು ಇರುವ ಮಾಲು ಬೇಡ.

"ಕಪ್ಪು ಬಣ್ಣ ಹೊಡೆದು ಕಳಿಸೋಣಪ್ಪ," ಎಂದಿದ್ದಳು ಆಗ ಇಪ್ಪತ್ನಾಲ್ಕರ ಪಿರೋಶ್ಕಾ. "ಎಲ್ಲರೂ ಹೊಡೀತಾರೆ."

"ಎಲ್ಲರೂ ಹೊಡೀಲಿ."

"ಚೆನ್ನಾಗಿ ಕಾಣೋದು ತಪ್ಪಾ?"

ಅವನು ಪೆನ್ಸಿಲ್ಲು ನೆಕ್ಕಿಕೊಂಡು ಗೆರೆ ಎಳೆಯುತ್ತ ಕೂತ. ವಾರದ ನಂತರ ಅವನು ಮರ ತರಲು ಮೂರು ದಿನ ಊರು ಬಿಟ್ಟಾಗ ಅವಳು ಒಂಬತ್ತಕ್ಕೂ ಬಣ್ಣ ಬಳಿದು, ಮೇಲೆ ಮೆರುಗೆಣ್ಣೆ ಕೊಟ್ಟು, ಅಂಗಡಿಗೆ ಕಳಿಸಿಯೇಬಿಟ್ಟಳು. ಅಂಗಡಿಯವನೇ ಮನಸ್ಸು ಬದಲಿಸಿ ತರಿಸಿಕೊಂಡ ಎಂದು ಅಪ್ಪನಿಗೆ ಹೇಳಿದಳು. ಅಪ್ಪನಿಗೆ ವ್ಯವಹಾರ ಗೊತ್ತಿಲ್ಲ, ತನಗೆ ಗೊತ್ತು ಎಂಬ ಜಂಬ. ಅಂಗಡಿಯವನು ಹೊಗಳಿ ಬರೆದ ಕಾಗದವನ್ನು ನಾಲ್ಕು ಸಲ ಓದಿದ್ದಳು.

ಆ ಒಂಬತ್ತರಲ್ಲಿ ಒಂದನ್ನು ಪಕ್ಕದ ಊರಿನ ಹತ್ತೊಂಬತ್ತರ ಹುಡುಗಿ ಎತೆಲ್ಕಾ ಕೊಂಡಳು. ಮೂರನೇ ತಿಂಗಳು, ಇದೇ ಊರಿನ ಬಯಲಿನಲ್ಲಿ, ಎಲ್ಲರೂ ನೋಡುತ್ತಿರುವಾಗ ಅದು ಅವಳ ಕೈಯಲ್ಲಿ ಸಿಡಿಯಿತು. ಚೂರು ಹಾರಿ ಎಡ ಹುಬ್ಬನ್ನು ಸೀಳಿತು. ಕಣ್ಣು ಉಳಿದದ್ದು ಕೂದಲೆಳೆಯಲ್ಲಿ.

ವೆಂಡೆಲ್ ಮುರಿದ ತುಂಡನ್ನು ಎತ್ತಿಕೊಂಡು ಹೆಬ್ಬೆರಳ ಉಗುರಿನಿಂದ ಬಣ್ಣ ಕೆರೆದ. ಅಡಿಯಲ್ಲಿ ಅವನದೇ ನೇರಳೆ ಗೆರೆ ಇತ್ತು. ಬಿಳಿ ಎಳೆ ಅದನ್ನು ದಾಟಿ ಎರಡು ಬೆರಳು ಮುಂದೆ ಹೋಗಿತ್ತು. ತಲೆಯೆತ್ತಿ ಮಗಳನ್ನು ಒಮ್ಮೆ ನೋಡಿದ. ಆಮೇಲೆ ಎತೆಲ್ಕಾಳ ತಾಯಿಯ ಮುಂದೆ ಟೋಪಿ ತೆಗೆದು ನಿಂತ. "ತಪ್ಪು ನನ್ನದಮ್ಮ. ಬಿಲ್ಲು ನನ್ನದು, ತಪ್ಪೂ ನನ್ನದೇ."

ಮಿಕ್ಕ ಎಂಟನ್ನು ಮನೆ ಮನೆಗೆ ಹೋಗಿ ವಾಪಸು ತಂದ, ಬಣ್ಣ ಕೆರೆದ. ಎಂಟೂ ಗಟ್ಟಿಯಾಗಿದ್ದವು. ಅಂಗಡಿಯವನು ಮತ್ತೆ ಕರೆಯಲಿಲ್ಲ. ವೆಂಡೆಲ್‌ನ ಬಿಲ್ಲು ಮುರಿಯುತ್ತದೆ ಎಂಬ ಮಾತಿಗೆ ಕಾಲು ಬಂದು ಊರೂರು ಸುತ್ತಿತು. ದೆಜೋನಂಥ ಜೀವದ ಗೆಳೆಯನೂ ಕುಡಿದಾಗಲೆಲ್ಲ ಅದನ್ನೆತ್ತಿ ಕಾಲೆಳೆಯುತ್ತಿದ್ದ. ವೆಂಡೆಲ್ ನಕ್ಕು ಸುಮ್ಮನಾಗುತ್ತಿದ್ದ. ಮಗಳಿಗೆ ಅವನು ಹೇಳಿದ್ದು ಒಂದೇ ಮಾತು, ಅದೂ ಬೈದ ಹಾಗಲ್ಲ, ನಿಜವಾಗಿಯೂ ತಿಳಿಯಲು ಕೇಳಿದ ಹಾಗೆ:

"ಬಣ್ಣ ಹೊಡೆದ್ರೆ ನಾನು ಹೇಗೆ ಮಗಾ ನೋಡ್ಲಿ?"

*

ಸ್ಮಶಾನದ ಪಶ್ಚಿಮಕ್ಕೆ ಗೋಧಿ ಕೊಯ್ದ ಹೊಲ. ಅದರಾಚೆ ಪಾಪ್ಲರ್ ಮರಗಳ ಸಾಲು. ಪಾದ್ರಿ ಪ್ರಾರ್ಥನೆ ಮುಗಿಸಿ ಬದಿಗೆ ಸರಿದ. ನೂರಕ್ಕೂ ಹೆಚ್ಚು ಜನ ಬಂದಿದ್ದರು, ಪ್ರತಿಯೊಬ್ಬರ ಕೈಯಲ್ಲೂ ಒಂದು ಬಿಲ್ಲು. ಅಂಗಡಿಯವರು ಬೇಡವೆಂದದ್ದನ್ನೆಲ್ಲ ವೆಂಡೆಲ್ ಹಳ್ಳಿಗಳಲ್ಲಿ ಕೇಳಿದವರಿಗೆ ಕೊಟ್ಟಿದ್ದ. ಚುಕ್ಕೆಯವು, ಗೀರಿನವು, ಹಾಲು ಚೆಲ್ಲಿದಂತೆ ಮಸುಕಾದವು, ಎಲ್ಲವೂ ಇದ್ದವು. ಆಡಿಕೊಂಡವರೂ ಅವನ್ನೇ ಹಿಡಿದುಕೊಂಡು ಬಂದಿದ್ದರು.

ಎರಡನೇ ಸಾಲಿನಲ್ಲಿ ಎತೆಲ್ಕಾ ನಿಂತಿದ್ದಳು. ನಲವತ್ತೈದರ ದಪ್ಪ ಹೆಂಗಸು. ಸೀಳಿದ ಹುಬ್ಬಿನ ನಡುವೆ ಕೂದಲು ಮತ್ತೆ ಬಂದಿರಲೇ ಇಲ್ಲ.

ಪಿರೋಶ್ಕಾ ಬಿಲ್ಲನ್ನು ತಲೆಯ ಮೇಲೆತ್ತಿ ಹಿಡಿದಳು. ಟೇಪು ಸುತ್ತಿರಲಿಲ್ಲ. ಮಾಡಿದವನ ಹೆಸರು, ಬಿಲ್ಲಿನ ಬಲ, ಇಷ್ಟು ಹೇಳಿದರೆ ರೂಢಿಯ ಮಾತು ಮುಗಿಯಿತು.

"ಮಾಡಿದ್ದು ಕೊಚೊರ್ ವೆಂಡೆಲ್. ಬಲ ನಲವತ್ತೆರಡು ಪೌಂಡು." ಬಿಲ್ಲಿನ ಕೆಳತುದಿಯನ್ನು ಜನರತ್ತ ತಿರುಗಿಸಿದಳು. "ಕೆಳಗಿನ ತೋಳಲ್ಲಿ ಬಿಳಿ ಎಳೆ ಇದೆ. ಎಲ್ಲರೂ ನೋಡಿ. ಇದನ್ನ ಎಳೆದು ನೋಡಿಲ್ಲ. ಇನ್ನೊಂದು ಮಾತಿದೆ. ಎತೆಲ್ಕಾಳ ಕೈಯಲ್ಲಿ ಮುರಿದ ಬಿಲ್ಲಿಗೆ ಅಪ್ಪ ಗೆರೆ ಎಳೆದಿಟ್ಟಿದ್ರು. ಅದರ ಮೇಲೆ ಬಣ್ಣ ಹೊಡೆದು ಮಾರಿದ್ದು ನಾನು. ಅಪ್ಪನಿಗೆ ತಿಳಿಸದೆ ಮಾಡ್ದೆ. ಇಪ್ಪತ್ತಾರು ವರ್ಷ ಬಾಯಿ ಮುಚ್ಕೊಂಡಿದ್ದೆ."

ದೆಜೋ ಟೋಪಿಯನ್ನು ಎರಡೂ ಕೈಯಲ್ಲಿ ಹಿಚುಕುತ್ತ ಗುಂಡಿಯ ಕಡೆಗೆ ನೋಡಿದ. "ಲೋ ವೆಂಡೆಲ್," ಎಂದ ಒಡೆದ ದನಿಯಲ್ಲಿ, "ನಾನು ಅಷ್ಟು ಸಲ ಆಡ್ಕೊಂಡೆನಲ್ಲೋ. ಒಂದು ಸಲಾನಾದ್ರೂ ಬಾಯಿ ಬಿಡಬಾರದಿತ್ತಾ, ಮೊಂಡ ಮುಂಡೇದೆ!"

ಎತೆಲ್ಕಾ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಮುಖ ಕೆಂಪಾಗಿತ್ತು.

"ಅಕ್ಕಾ, ಇಷ್ಟು ವರ್ಷ ನಾನು ಆ ಮುದುಕಪ್ಪನ್ನ ಕ್ಷಮಿಸಿದೀನಿ ಅಂತ ಎದೆಯುಬ್ಬಿಸ್ಕೊಂಡು ಓಡಾಡ್ತಿದ್ದೆ. ಚರ್ಚಲ್ಲೂ ಹೇಳ್ಕೊಂಡಿದೀನಿ. ಎಲ್ಲಾ ದಂಡ ಆಯ್ತಲ್ಲ!"

"ಎತೆಲ್ಕಾ..."

"ಮಾತು ಆಮೇಲೆ. ನಿನ್ನ ಲೆಕ್ಕ ಆಮೇಲೆ ನೋಡ್ಕೋತೀನಿ. ಈಗ ಎಳಿ."

ಹಾಗೆಂದವಳು ಹಿಂದೆ ಸರಿಯಲಿಲ್ಲ. ಪಿರೋಶ್ಕಾಳ ಎಡಪಕ್ಕಕ್ಕೆ ಬಂದು, ಬಿಲ್ಲು ಮುರಿದರೆ ಚೂರು ಹಾರುವ ಜಾಗದಲ್ಲೇ ಕಾಲೂರಿ ನಿಂತಳು. ಇವತ್ತೂ ಎಡ ಹುಬ್ಬೇ ಬಿಲ್ಲಿನತ್ತ ಇತ್ತು.

"ಅಲ್ಲಿ ನಿಲ್ಬೇಡ ಕಣೇ," ಪಿರೋಶ್ಕಾ ಬೇಡಿಕೊಂಡಳು.

"ಗೆರೆ ಎಳೆದಿದ್ದು ಯಾರು?"

"ಅಪ್ಪ."

"ಮತ್ತೇನು, ಎಳಿ ಅಂದೆನಲ್ಲ."

ಪಿರೋಶ್ಕಾ ಬಾಣ ಹೂಡಿದಳು. ಹೆದೆ ಎದೆಗೆ ಬಂತು, ಗಲ್ಲಕ್ಕೆ ಬಂತು, ಕಿವಿಗೆ ಬಂತು. ಮರ ಸಣ್ಣಗೆ ಕಿರುಗುಟ್ಟಿತು. ಅಪ್ಪ ಹೊಸ ಬಿಲ್ಲನ್ನು ಎಳೆದು ಹಿಡಿದಾಗ ಎಣಿಸುತ್ತಿದ್ದ ಹಾಗೆ ಮನಸ್ಸಿನಲ್ಲೇ ಎಣಿಸಿದಳು: ಒಂದು, ಎರಡು, ಮೂರು, ನಾಲ್ಕು, ಐದು. ಬಿಟ್ಟಳು.

ಬಾಣ ಗುಂಡಿಯನ್ನು ದಾಟಿ, ಹೊಲದ ಮೇಲೆ ಏರಿ, ಏರುತ್ತಲೇ ಹೋಗಿ, ಪಾಪ್ಲರ್ ಸಾಲಿನ ಹತ್ತಿರ ಇಳಿಯಿತು. ಅಷ್ಟು ದೂರ ಯಾವ ಬಾಣವೂ ಹೋದದ್ದನ್ನು ದೆಜೋ ನೋಡಿರಲಿಲ್ಲವಂತೆ. ದೆಜೋನ ಮಾತಿನಲ್ಲಿ ಅರ್ಧ ಹಿಡಿದರೂ ಅದು ದೊಡ್ಡ ದೂರವೇ.

ಎತೆಲ್ಕಾ ಬಿಲ್ಲನ್ನು ಕಿತ್ತುಕೊಂಡು ಬಿಸಿಲಿಗೆ ಹಿಡಿದಳು. ಎರಡು ನೇರಳೆ ಗೆರೆ, ನಡುವೆ ಬಿಳಿ ಎಳೆ. ಒಂದು ತುದಿಯನ್ನು ಉಗುರಿನಿಂದ ಮುಟ್ಟಿ ನೋಡಿದಳು, ಇನ್ನೊಂದನ್ನೂ ಮುಟ್ಟಿ ನೋಡಿದಳು.

"ದಾಟಿಲ್ಲ!" ಎಂದು ಸ್ಮಶಾನವೆಲ್ಲ ಕೇಳುವಂತೆ ಕೂಗಿದಳು. "ಕೂದಲಷ್ಟೂ ದಾಟಿಲ್ಲ!"

ಸಾಲಿನಲ್ಲಿದ್ದ ಯಾರೋ ತಮ್ಮ ಬಿಲ್ಲನ್ನು ತಿರುಗಿಸಿ ನೋಡಿಕೊಂಡರು. "ನಂದೂ ದಾಟಿಲ್ಲ. ಹದಿನೇಳು ವರ್ಷ ಆಯ್ತು!" "ನಂದಕ್ಕೆ ಮೂವತ್ತೊಂದು, ಇದ್ದಲ್ಲೇ ಇದೆ!" "ಇಲ್ಲಿ ನೋಡ್ರೋ, ನಮ್ಮಮ್ಮಂದು!" ಸಾವಿಗೆ ಬಂದವರು ಕೂಗಬಾರದು ಎಂಬುದು ಯಾರ ನೆನಪಿಗೂ ಬರಲಿಲ್ಲ. ಬಿಲ್ಲುಗಳೆಲ್ಲ ಒಟ್ಟಿಗೆ ಮೇಲೆದ್ದವು. ದೆಜೋ ಟೋಪಿ ಬೀಸಿದ. ನೂರು ಹೆದೆಗಳು ಒಮ್ಮೆಗೇ ಮಿಡಿದ ಸದ್ದಿಗೆ ಪಾಪ್ಲರ್ ಮರಗಳ ಕಾಗೆಗಳೆಲ್ಲ ಹಾರಿಹೋದವು. ಪಿರೋಶ್ಕಾ ಅಳುತ್ತಿದ್ದಳು, ನಗುತ್ತಿದ್ದಳು, ಎರಡನ್ನೂ ತಡೆಯಲಿಲ್ಲ.

ಗುಂಡಿ ಮುಚ್ಚಿದ ಮೇಲೆ ಅವಳು ಅಪ್ಪನ ಮೋಟು ಪೆನ್ಸಿಲ್ಲನ್ನು ಜೇಬಿನಿಂದ ತೆಗೆದು, ನಾಲಗೆಗೆ ತಾಗಿಸಿ, ಅವನ ತಾರೀಕಿನ ಕೆಳಗೆ ಇವತ್ತಿನ ತಾರೀಕು ಬರೆದಳು. ತಲೆಯೆತ್ತಿದರೆ ಎತೆಲ್ಕಾ ಮುಖವನ್ನು ಮುಂದಕ್ಕೆ ಚಾಚಿಕೊಂಡು ನಿಂತಿದ್ದಳು.

"ಇದಕ್ಕೂ ಎಳಿ."

"ಏನಂದೆ?"

"ಹುಬ್ಬಿಗೆ ಕಣಕ್ಕಾ. ಎರಡೂ ತುದಿಗೆ. ನೋಡೋಣ, ದಾಟುತ್ತಾ ಅಂತ."

ಪಿರೋಶ್ಕಾ ಎಡಗೈಯಿಂದ ಎತೆಲ್ಕಾಳ ಗಲ್ಲ ಹಿಡಿದು, ಗಾಯದ ಗುರುತಿನ ಮೇಲ್ತುದಿಗೆ ಒಂದು, ಕೆಳತುದಿಗೆ ಒಂದು ಗೆರೆ ಎಳೆದಳು.

ಮಧ್ಯಾಹ್ನ ವೆಂಡೆಲ್‌ನ ಅಂಗಳದಲ್ಲಿ ಉದ್ದ ಮೇಜು ಹಾಕಿ ಎಲ್ಲರೂ ಕೂತರು. ದೆಜೋ ಪ್ಲಮ್ ಸಾರಾಯಿ ಸುರಿಯುತ್ತ, ಗೆಳೆಯನ ಹೆಸರು ಕರೆದು ಅವನಲ್ಲಿ ಪ್ರತಿ ಲೋಟಕ್ಕೂ ಒಂದೊಂದು ಕ್ಷಮೆ ಕೇಳುತ್ತಿದ್ದ. ಸೆಖೆ ಜೋರಾಗಿತ್ತು, ಎಲ್ಲರೂ ಮುಖ ಒರೆಸಿಕೊಳ್ಳುತ್ತಿದ್ದರು. ಕೆಳದುಟಿ ನೇರಳೆಯಾಗಿದ್ದ ಪಿರೋಶ್ಕಾ ಬಿಸಿ ಉಪ್ಪುರೊಟ್ಟಿಯ ತಟ್ಟೆ ಹಿಡಿದು ಬಂದಾಗ, ಎತೆಲ್ಕಾ ಕರವಸ್ತ್ರವನ್ನು ಬೆರಳಿಗೆ ಸುತ್ತಿಕೊಂಡು ಹಣೆ, ಮೂಗು, ಕೆನ್ನೆಯ ಬೆವರನ್ನೆಲ್ಲ ಒತ್ತಿಕೊಂಡಳು, ಎಡ ಹುಬ್ಬಿನ ಹತ್ತಿರ ಮಾತ್ರ ಕೈ ಒಯ್ಯಲಿಲ್ಲ.